ಸೆಟ್ಟಿಂಗ್ ಫೈಲ್ ಅಳಿಸಿದ್ರೆ ರೀಇನ್‌ಸ್ಟಾಲ್ ಮಾಡಿದ್ರೂ ಯಾಕೆ ಬರಲ್ಲ? ಲಿನಕ್ಸ್ ಇರುವ ಅಂಗಡಿಯವರು ಫಾರ್ಮ್ಯಾಟ್‌ಗೆ ಕೊಡುವ ಮುನ್ನ ಓದಿ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಹಾಕಬೇಕೆಂದರೆ ಕಂಪ್ಯೂಟರ್‌ನಲ್ಲಿ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇರಬೇಕು. ಹತ್ತು ವರ್ಷ ಹಳೆಯ ಕಂಪ್ಯೂಟರ್ ಇಟ್ಟುಕೊಂಡ ಜೆರಾಕ್ಸ್ ಅಂಗಡಿ, ಸೈಬರ್ ಸೆಂಟರ್, ಡಿಟಿಪಿ ಅಂಗಡಿಯವರಿಗೆ ಉಳಿದಿರುವ ಖರ್ಚಿಲ್ಲದ ದಾರಿ ಅಂದ್ರೆ ಉಬುಂಟು ಅಥವಾ ಲಿನಕ್ಸ್ ಮಿಂಟ್ ಹಾಕಿಸಿಕೊಳ್ಳುವುದು. ಹಾಕಿಸಿಕೊಂಡವರಿಗೆ ಕೆಲಸವೂ ನಡೆಯುತ್ತದೆ, ವೈರಸ್ ಕಾಟವೂ ಕಡಿಮೆ.

ಆದರೆ ವಿಂಡೋಸ್‌ನಲ್ಲಿ ಅಭ್ಯಾಸವಾದ ಒಂದು ಉಪಾಯ ಇಲ್ಲಿ ನಡೆಯುವುದಿಲ್ಲ. ಅದೇ ‘ಸಾಫ್ಟ್‌ವೇರ್ ಕೈಕೊಟ್ರೆ ತೆಗೆದು ಮತ್ತೆ ಹಾಕು’ ಅನ್ನೋ ಉಪಾಯ. ಲಿನಕ್ಸ್‌ನಲ್ಲಿ ಸೆಟ್ಟಿಂಗ್ ಫೈಲ್ ಅಳಿಸಿಹೋಗಿದ್ದರೆ, ಆ ಸಾಫ್ಟ್‌ವೇರ್ ಅನ್ನು ಹತ್ತು ಸಲ ರೀಇನ್‌ಸ್ಟಾಲ್ ಮಾಡಿದರೂ ಫೈಲ್ ವಾಪಸ್ ಬರದೇ ಇರಬಹುದು. ಎಷ್ಟೋ ಜನ ‘ಸಿಸ್ಟಮ್ಮೇ ಹೋಯ್ತು’ ಅಂದುಕೊಂಡು ಫಾರ್ಮ್ಯಾಟ್‌ಗೆ ಕೊಡುತ್ತಾರೆ. ಬಿಲ್ಲು, ಗ್ರಾಹಕರ ಅರ್ಜಿ, ಫೋಟೋ ಎಲ್ಲವೂ ಅದರ ಜೊತೆ ಹೋಗುತ್ತವೆ. ನಿಜಕ್ಕೂ ಇದು ಹತ್ತು ನಿಮಿಷದಲ್ಲಿ ಸರಿಯಾಗುವ ಸಮಸ್ಯೆ.

ಏನಾಗುತ್ತೆ?

ಒಂದು ಜೆರಾಕ್ಸ್ ಅಂಗಡಿ ಅಂದುಕೊಳ್ಳಿ. ಸ್ಕಾಲರ್‌ಶಿಪ್ ಅರ್ಜಿಗೆ ಕೊನೇ ದಿನ, ಕೌಂಟರ್ ಮುಂದೆ ಮಕ್ಕಳ ಸಾಲು. ಅಂಕಪಟ್ಟಿ, ಜಾತಿ-ಆದಾಯ ಪ್ರಮಾಣಪತ್ರ ಸ್ಕ್ಯಾನ್ ಮಾಡಬೇಕು. ಸ್ಕ್ಯಾನರ್ ಮಾತ್ರ ಸಿಗುತ್ತಿಲ್ಲ. ಯಾವುದೋ ವಿಡಿಯೋ ನೋಡಿದ ಹುಡುಗ ‘ಹಳೇ ಸೆಟ್ಟಿಂಗ್ ಅಳಿಸಿ, ಸಾಫ್ಟ್‌ವೇರ್ ಮತ್ತೆ ಹಾಕಿದ್ರೆ ಹೊಸದು ಬರುತ್ತೆ’ ಅಂತ ಸ್ಕ್ಯಾನರ್‌ನ ಸೆಟ್ಟಿಂಗ್ ಫೈಲ್ ಅಳಿಸುತ್ತಾನೆ. ರೀಇನ್‌ಸ್ಟಾಲ್ ಮಾಡುತ್ತಾನೆ. ಕಂಪ್ಯೂಟರ್ ಯಾವ ತಪ್ಪನ್ನೂ ತೋರಿಸದೆ ‘ಆಯ್ತು’ ಅನ್ನುತ್ತದೆ. ಆದರೆ ಮೊದಲು ಆಗಾಗ ಆದರೂ ಸಿಗುತ್ತಿದ್ದ ಸ್ಕ್ಯಾನರ್ ಈಗ ಪೂರ್ತಿ ಮಾಯ.

ಲಿನಕ್ಸ್‌ನಲ್ಲಿ ಸ್ಕ್ಯಾನರ್ ನಡೆಸುವ ವ್ಯವಸ್ಥೆಯ ಹೆಸರು ‘ಸೇನ್’. ಅದರ ಸೆಟ್ಟಿಂಗ್‌ಗಳು ‘ಇಟಿಸಿ’ ಎಂಬ ದೊಡ್ಡ ಫೋಲ್ಡರ್ ಒಳಗಿನ ‘ಸೇನ್ ಡಾಟ್ ಡಿ’ ಫೋಲ್ಡರ್‌ನಲ್ಲಿರುತ್ತವೆ. ಅಲ್ಲಿ ‘ಡಿಎಲ್‌ಎಲ್ ಡಾಟ್ ಕಾನ್ಫ್’ ಅಂತ ಒಂದು ಫೈಲ್ ಇದೆ. ಯಾವ ಯಾವ ಕಂಪನಿಯ ಸ್ಕ್ಯಾನರ್ ಹುಡುಕಬೇಕು ಅನ್ನುವ ಪಟ್ಟಿ ಅದರಲ್ಲಿರುತ್ತದೆ. ಪಟ್ಟಿಯೇ ಇಲ್ಲದಿದ್ದರೆ ಬಹಳಷ್ಟು ಸ್ಕ್ಯಾನರ್‌ಗಳನ್ನು ಕಂಪ್ಯೂಟರ್ ಹುಡುಕುವುದೇ ಇಲ್ಲ. ಕೇಬಲ್ ಸರಿ ಇರುತ್ತದೆ, ಸ್ಕ್ಯಾನರ್ ಸರಿ ಇರುತ್ತದೆ, ಕೆಲಸ ಮಾತ್ರ ಆಗುವುದಿಲ್ಲ.

ಕಾನ್ಫಿಗರೇಷನ್ ಫೈಲ್ ಅಂದ್ರೇನು?

ಟೈಲರ್ ಅಂಗಡಿ ನೆನಪಿಸಿಕೊಳ್ಳಿ. ಹೊಲಿಗೆ ಮಿಷನ್ ಬೇರೆ, ಗ್ರಾಹಕರ ಅಳತೆ ಬರೆದಿಟ್ಟ ಪುಸ್ತಕ ಬೇರೆ. ಮಿಷನ್ ಹಳತಾದರೆ ಹೊಸದು ತರಬಹುದು. ಅಳತೆ ಪುಸ್ತಕ ಮಾತ್ರ ಆ ಟೈಲರ್ ವರ್ಷಗಟ್ಟಲೆ ಕೂತು ಬರೆದದ್ದು, ಅಂಗಡಿಯಲ್ಲಿ ಸಿಗಲ್ಲ.

ಲಿನಕ್ಸ್‌ನಲ್ಲಿ ಸಾಫ್ಟ್‌ವೇರ್ ಅಂದ್ರೆ ಮಿಷನ್, ಕಾನ್ಫಿಗರೇಷನ್ ಫೈಲ್ ಅಂದ್ರೆ ಅಳತೆ ಪುಸ್ತಕ. ಯಾವ ಪ್ರಿಂಟರ್, ಯಾವ ಫೋಲ್ಡರ್ ಹಂಚಬೇಕು, ಯಾರಿಗೆ ಅನುಮತಿ, ಇಂಥ ವಿಷಯಗಳನ್ನು ಸಾದಾ ಅಕ್ಷರದಲ್ಲಿ ಬರೆದಿಟ್ಟಿರುತ್ತಾರೆ. ಇಡೀ ಕಂಪ್ಯೂಟರ್‌ಗೆ ಸೇರಿದ ಇಂಥ ಫೈಲ್‌ಗಳು ‘ಇಟಿಸಿ’ ಫೋಲ್ಡರ್‌ನಲ್ಲಿರುತ್ತವೆ.

ಉಬುಂಟು ಮತ್ತು ಮಿಂಟ್ ಎರಡರ ಮೂಲ ‘ಡೆಬಿಯನ್’. 1993ರಲ್ಲಿ ಇಯಾನ್ ಮರ್ಡಾಕ್ ಶುರು ಮಾಡಿದ ಈ ಯೋಜನೆಯನ್ನು ಇವತ್ತಿಗೂ ಜಗತ್ತಿನ ಬೇರೆ ಬೇರೆ ಕಡೆಯ ಸ್ವಯಂಸೇವಕರು ನಡೆಸುತ್ತಿದ್ದಾರೆ. ಸಾಫ್ಟ್‌ವೇರ್ ಪ್ಯಾಕೇಜ್ ಹೇಗಿರಬೇಕು ಅಂತ ಡೆಬಿಯನ್‌ಗೆ ಒಂದು ನಿಯಮಾವಳಿಯೇ ಇದೆ. ಅದರಲ್ಲಿ ಮುಖ್ಯವಾದ ಒಂದು ನಿಯಮ: ಕಂಪ್ಯೂಟರ್ ಮಾಲೀಕ ಸೆಟ್ಟಿಂಗ್ ಫೈಲ್‌ನಲ್ಲಿ ಮಾಡಿದ ಬದಲಾವಣೆಯನ್ನು ಅಪ್‌ಡೇಟ್ ಬಂದಾಗ ಕೆಡಿಸುವಂತಿಲ್ಲ.

ಅಳಿಸಿದ್ದೂ ಒಂದು ಬದಲಾವಣೆಯೇ

ಸಮಸ್ಯೆಯ ಮೂಲ ಇಲ್ಲೇ ಇದೆ. ಮಾಲೀಕ ಫೈಲ್ ತಿದ್ದಿದರೆ ಅದು ಅವನ ತೀರ್ಮಾನ. ಹಾಗೇ ಫೈಲ್ ಅಳಿಸಿದರೂ ಅದು ಅವನ ತೀರ್ಮಾನವೇ ಅಂತ ಲಿನಕ್ಸ್ ಭಾವಿಸುತ್ತದೆ. ‘ಬೇಡ ಅಂತ ತೆಗೆದಿದ್ದಾರೆ, ನಾವ್ಯಾಕೆ ಮತ್ತೆ ತಂದಿಡೋದು’ ಅನ್ನುವ ಲೆಕ್ಕಾಚಾರ. ಅಳತೆ ಪುಸ್ತಕದಿಂದ ಟೈಲರ್ ಒಂದು ಹಾಳೆ ಹರಿದು ಹಾಕಿದ್ದರೆ, ಹೊಸ ಮಿಷನ್ ತಂದುಕೊಟ್ಟವನು ಆ ಹಾಳೆ ಅಂಟಿಸಿ ಹೋಗುವುದಿಲ್ಲವಲ್ಲ, ಹಾಗೆ.

ಈ ಕೆಲಸ ನೋಡಿಕೊಳ್ಳುವ ಪ್ರೋಗ್ರಾಂ ಹೆಸರು ‘ಡಿಪಿಕೆಜಿ’. ಸಾಫ್ಟ್‌ವೇರ್ ಮೊದಲ ಸಲ ಇನ್‌ಸ್ಟಾಲ್ ಆದಾಗ, ಅದರ ಜೊತೆ ಬಂದ ಪ್ರತಿ ಸೆಟ್ಟಿಂಗ್ ಫೈಲ್‌ನ ಗುರುತನ್ನು ಇದು ಬರೆದಿಟ್ಟುಕೊಳ್ಳುತ್ತದೆ. ಈ ಗುರುತು ಒಂಥರಾ ಬೆರಳಚ್ಚು ಇದ್ದ ಹಾಗೆ, ಫೈಲ್‌ನಲ್ಲಿ ಒಂದು ಅಕ್ಷರ ಬದಲಾದರೂ ಗುರುತು ಬದಲಾಗುತ್ತದೆ. ಮುಂದೆ ಅಪ್‌ಡೇಟ್ ಬಂದಾಗ ಮೂರು ಗುರುತುಗಳನ್ನು ಹೋಲಿಸುತ್ತದೆ: ಮೊದಲು ಬಂದ ಫೈಲ್, ಈಗ ಕಂಪ್ಯೂಟರ್‌ನಲ್ಲಿರುವ ಫೈಲ್, ಹೊಸ ಪ್ಯಾಕೇಜ್‌ನಲ್ಲಿ ಬಂದ ಫೈಲ್.

- ನೀವು ಫೈಲ್ ಮುಟ್ಟಿಲ್ಲ, ಹೊಸದು ಬಂದಿದೆ: ಸದ್ದಿಲ್ಲದೆ ಹೊಸದನ್ನು ಹಾಕುತ್ತದೆ.
- ನೀವು ತಿದ್ದಿದ್ದೀರಿ, ಕಂಪನಿ ಕಡೆಯ ಫೈಲ್ ಬದಲಾಗಿಲ್ಲ: ನಿಮ್ಮದನ್ನೇ ಉಳಿಸುತ್ತದೆ.
- ನೀವೂ ತಿದ್ದಿದ್ದೀರಿ, ಅವರೂ ಬದಲಿಸಿದ್ದಾರೆ: ಯಾವುದು ಬೇಕು ಅಂತ ನಿಮ್ಮನ್ನು ಕೇಳುತ್ತದೆ.
- ನೀವು ಅಳಿಸಿದ್ದೀರಿ, ಅವರದ್ದು ಬದಲಾಗಿಲ್ಲ: ಇಲ್ಲದ್ದು ಇಲ್ಲದ ಹಾಗೇ ಇರುತ್ತದೆ.

ರೀಇನ್‌ಸ್ಟಾಲ್ ಅಂದ್ರೆ ಅದೇ ಪ್ಯಾಕೇಜ್ ಮತ್ತೆ ಹಾಕುವುದು. ಅದರಲ್ಲಿರುವ ಫೈಲ್ ಮೊದಲಿನದ್ದೇ. ಹಾಗಾಗಿ ನಾಲ್ಕನೇ ನಿಯಮ ಅನ್ವಯವಾಗಿ ಫೈಲ್ ಬರುವುದಿಲ್ಲ. ಸಾಮಾನ್ಯವಾಗಿ ಸಾಫ್ಟ್‌ವೇರ್ ‘ರಿಮೂವ್’ ಮಾಡಿ ಮತ್ತೆ ಹಾಕಿದರೂ ಇದೇ ಕಥೆ. ಯಾಕಂದ್ರೆ ರಿಮೂವ್ ಮಾಡಿದಾಗ ಮಿಷನ್ ಮಾತ್ರ ಹೋಗುತ್ತದೆ, ಅಳತೆ ಪುಸ್ತಕದ ಲೆಕ್ಕ ಉಳಿದಿರುತ್ತದೆ.

ಸರಿ ಮಾಡೋದು ಹೇಗೆ?

ಇದಕ್ಕೆ ‘ಟರ್ಮಿನಲ್’ ತೆರೆಯಬೇಕು. ಕೀಬೋರ್ಡ್‌ನಲ್ಲಿ ಕಂಟ್ರೋಲ್, ಆಲ್ಟ್ ಮತ್ತು ಟಿ ಒಟ್ಟಿಗೆ ಒತ್ತಿದರೆ ಕಪ್ಪು ಪರದೆಯ ಟರ್ಮಿನಲ್ ಬರುತ್ತದೆ. ಕಮಾಂಡ್‌ಗಳನ್ನು ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು. ಇಲ್ಲಿ ಓದುವ ರೀತಿಯಲ್ಲಿ ಕೊಡಲಾಗಿದೆ. ‘ದೊಡ್ಡಕ್ಷರ’ ಅಂತ ಹೇಳಿರುವ ಕಡೆ ಬಿಟ್ಟು ಎಲ್ಲವೂ ಸಣ್ಣಕ್ಷರ. ಡ್ಯಾಶ್ ಅಂದ್ರೆ ಮೈನಸ್ ಗುರುತು.

1. ಫೈಲ್ ಯಾರದ್ದು ಅಂತ ಪತ್ತೆ ಮಾಡಿ. ‘ಡಿಪಿಕೆಜಿ’ ಅಂತ ಬರೆದು, ಸ್ಪೇಸ್ ಕೊಟ್ಟು, ಡ್ಯಾಶ್ ಮತ್ತು ದೊಡ್ಡಕ್ಷರದ ಎಸ್, ಮತ್ತೆ ಸ್ಪೇಸ್ ಕೊಟ್ಟು ಕಳೆದುಹೋದ ಫೈಲ್‌ನ ಪೂರ್ತಿ ವಿಳಾಸ ಬರೆಯಿರಿ. ನಮ್ಮ ಉದಾಹರಣೆಯಲ್ಲಿ ವಿಳಾಸ: ಸ್ಲ್ಯಾಶ್, ಇಟಿಸಿ, ಸ್ಲ್ಯಾಶ್, ಸೇನ್ ಡಾಟ್ ಡಿ, ಸ್ಲ್ಯಾಶ್, ಡಿಎಲ್‌ಎಲ್ ಡಾಟ್ ಕಾನ್ಫ್. ಫೈಲ್ ಡಿಸ್ಕ್‌ನಲ್ಲಿ ಇಲ್ಲದಿದ್ದರೂ ಉತ್ತರ ಸಿಗುತ್ತದೆ, ಯಾಕಂದ್ರೆ ಡಿಪಿಕೆಜಿ ನೋಡುವುದು ತನ್ನ ದಾಖಲೆಯನ್ನು. ಉತ್ತರದಲ್ಲಿ ಮೊದಲ ಕೋಲನ್ ಗುರುತಿಗಿಂತ ಮುಂಚೆ ಇರುವುದೇ ಪ್ಯಾಕೇಜ್ ಹೆಸರು. ಅದನ್ನು ಚೀಟಿಯಲ್ಲಿ ಬರೆದುಕೊಳ್ಳಿ.

2. ನಿಜಕ್ಕೂ ಫೈಲ್ ಇಲ್ವಾ ನೋಡಿ. ‘ಡಿಪಿಕೆಜಿ’, ಸ್ಪೇಸ್, ಡ್ಯಾಶ್ ಮತ್ತು ದೊಡ್ಡಕ್ಷರದ ವಿ, ಸ್ಪೇಸ್, ಪ್ಯಾಕೇಜ್ ಹೆಸರು. ‘ಮಿಸ್ಸಿಂಗ್’ ಅಂತ ಬಂದರೆ ಆ ಫೈಲ್ ಕಾಣೆಯಾಗಿದೆ ಅಂತ ಖಾತ್ರಿ. ಸಾಲಿನಲ್ಲಿ ಒಂಟಿ ‘ಸಿ’ ಅಕ್ಷರ ಇದ್ದರೆ ಅದು ಕಾನ್ಫಿಗರೇಷನ್ ಫೈಲ್ ಅಂತ ಅರ್ಥ. ಏನೂ ಬರದಿದ್ದರೆ ಎಲ್ಲ ಸರಿ ಇದೆ, ಸಮಸ್ಯೆ ಬೇರೆ ಕಡೆ ಹುಡುಕಿ.

3. ಪ್ಯಾಕೇಜ್ ಡೌನ್‌ಲೋಡ್ ಮಾಡಿ. ‘ಎಪಿಟಿ’, ಸ್ಪೇಸ್, ‘ಡೌನ್‌ಲೋಡ್’, ಸ್ಪೇಸ್, ಪ್ಯಾಕೇಜ್ ಹೆಸರು. ಇಂಟರ್ನೆಟ್ ಬೇಕು. ‘ಡಾಟ್ ಡೆಬ್’ ಎಂದು ಕೊನೆಯಾಗುವ ಫೈಲ್ ಅದೇ ಫೋಲ್ಡರ್‌ಗೆ ಬಂದು ಕೂರುತ್ತದೆ. ಬಾಕಿ ಇರುವ ಅಪ್‌ಡೇಟ್‌ಗಳನ್ನು ಮೊದಲೇ ಮುಗಿಸಿಕೊಂಡಿದ್ದರೆ ವರ್ಷನ್ ಹೊಂದಾಣಿಕೆಯ ತಕರಾರು ಬರುವುದಿಲ್ಲ.

4. ಕಾಣೆಯಾದದ್ದನ್ನು ತಂದಿಡು ಅಂತ ಹೇಳಿ. ‘ಸುಡೊ’, ಸ್ಪೇಸ್, ‘ಡಿಪಿಕೆಜಿ’, ಸ್ಪೇಸ್, ಎರಡು ಡ್ಯಾಶ್, ‘ಫೋರ್ಸ್’, ಒಂದು ಡ್ಯಾಶ್, ‘ಕಾನ್ಫ್‌ಮಿಸ್’, ಸ್ಪೇಸ್, ಡ್ಯಾಶ್ ಐ, ಸ್ಪೇಸ್, ಡೌನ್‌ಲೋಡ್ ಆದ ಫೈಲ್ ಹೆಸರು. ಎರಡು ಡ್ಯಾಶ್‌ನಿಂದ ‘ಕಾನ್ಫ್‌ಮಿಸ್’ವರೆಗೆ ನಡುವೆ ಸ್ಪೇಸ್ ಕೊಡಬಾರದು. ‘ಕಾನ್ಫ್‌ಮಿಸ್’ ಅಕ್ಷರಗಳು ಸಿ-ಓ-ಎನ್-ಎಫ್-ಎಂ-ಐ-ಎಸ್-ಎಸ್. ಫೈಲ್ ಹೆಸರಿನ ಮೊದಲ ನಾಲ್ಕೈದು ಅಕ್ಷರ ಬರೆದು ಟ್ಯಾಬ್ ಒತ್ತಿದರೆ ಉಳಿದದ್ದು ತಾನೇ ತುಂಬಿಕೊಳ್ಳುತ್ತದೆ. ಪಾಸ್‌ವರ್ಡ್ ಕೇಳುತ್ತದೆ. ಟೈಪ್ ಮಾಡುವಾಗ ಪರದೆಯಲ್ಲಿ ಚುಕ್ಕಿ ಕೂಡ ಕಾಣದಿರಬಹುದು, ಹೆದರಬೇಡಿ, ಬರೆದು ಎಂಟರ್ ಒತ್ತಿ.

5. ಮತ್ತೆ ಎರಡನೇ ಹಂತದ ಕಮಾಂಡ್ ಕೊಡಿ. ‘ಮಿಸ್ಸಿಂಗ್’ ಸಾಲು ಹೋಗಿದ್ದರೆ ಫೈಲ್ ಬಂದಿದೆ. ಸ್ಕ್ಯಾನ್ ಮಾಡುವ ಪ್ರೋಗ್ರಾಂ ಮುಚ್ಚಿ ಮತ್ತೆ ತೆರೆಯಿರಿ.

ಈ ವಿಧಾನದ ದೊಡ್ಡ ಅನುಕೂಲ ಅಂದ್ರೆ ಕಾಣೆಯಾದ ಫೈಲ್ ಮಾತ್ರ ಬರುತ್ತದೆ. ಅದೇ ಫೋಲ್ಡರ್‌ನಲ್ಲಿ ನೀವು ತಿದ್ದಿಟ್ಟ ಬೇರೆ ಫೈಲ್‌ಗಳಿದ್ದರೆ ಅವು ಹಾಗೇ ಇರುತ್ತವೆ.

ಹುಡುಗ ಇಡೀ ‘ಸೇನ್ ಡಾಟ್ ಡಿ’ ಫೋಲ್ಡರನ್ನೇ ಅಳಿಸಿದ್ದರೆ? ಆಗ ಮೊದಲ ಹಂತದಲ್ಲಿ ಫೈಲ್ ಬದಲು ಫೋಲ್ಡರ್ ವಿಳಾಸ ಕೊಡಿ. ಒಂದಕ್ಕಿಂತ ಹೆಚ್ಚು ಪ್ಯಾಕೇಜ್ ಹೆಸರು ಬರಬಹುದು. ಒಂದೊಂದಕ್ಕೂ ಉಳಿದ ಹಂತಗಳನ್ನು ಮಾಡಬೇಕು.

‘ಪರ್ಜ್’ ಮಾಡುವ ಮುನ್ನ ಎರಡು ಸಲ ಯೋಚಿಸಿ

ಇನ್ನೊಂದು ದಾರಿ ‘ಪರ್ಜ್’. ಇದರಲ್ಲಿ ಸಾಫ್ಟ್‌ವೇರ್ ಜೊತೆಗೆ ಸೆಟ್ಟಿಂಗ್ ಫೈಲೂ, ಅದರ ದಾಖಲೆಯೂ ಹೋಗುತ್ತದೆ. ಆಮೇಲೆ ಹಾಕಿದರೆ ಎಲ್ಲವೂ ಹೊಸದಾಗಿ ಬರುತ್ತದೆ. ಕೇಳಲು ಸುಲಭ, ಆದರೆ ಅಂಗಡಿಯವರಿಗೆ ಅಪಾಯ ಎರಡಿವೆ.

ಒಂದು, ಆ ಪ್ಯಾಕೇಜ್ ನಂಬಿಕೊಂಡ ಬೇರೆ ಸಾಫ್ಟ್‌ವೇರ್‌ಗಳೂ ಜೊತೆಗೇ ಹೋಗುತ್ತವೆ. ಸ್ಕ್ಯಾನರ್‌ನ ಮೂಲ ಪ್ಯಾಕೇಜ್ ತೆಗೆಯಲು ಹೋದರೆ ಸ್ಕ್ಯಾನ್ ಮಾಡುವ ಪ್ರೋಗ್ರಾಮೂ ಹೋಗಬಹುದು. ಯಾವುದೆಲ್ಲ ಹೋಗುತ್ತದೆ ಅಂತ ಕಂಪ್ಯೂಟರ್ ಮೊದಲೇ ಪಟ್ಟಿ ತೋರಿಸುತ್ತದೆ, ಅದನ್ನು ಓದದೆ ‘ವೈ’ ಒತ್ತಬೇಡಿ.

ಎರಡು, ಬಿಲ್ಲಿಂಗ್ ಸಾಫ್ಟ್‌ವೇರ್‌ಗೆ ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಸ್ ಥರದ ಡೇಟಾಬೇಸ್ ಬಳಸುತ್ತಿದ್ದರೆ, ಅದನ್ನು ಪರ್ಜ್ ಮಾಡುವಾಗ ‘ಡೇಟಾವನ್ನೂ ಅಳಿಸಲೇ?’ ಅಂತ ಕೇಳಬಹುದು. ಅವಸರದಲ್ಲಿ ‘ಯೆಸ್’ ಅಂದ್ರೆ ವರ್ಷದ ಲೆಕ್ಕ, ಉದ್ರಿ ಬಾಕಿ, ಸ್ಟಾಕ್ ಎಲ್ಲ ಹೋಯ್ತು. ಜಿಎಸ್‌ಟಿ ರಿಟರ್ನ್ಸ್ ಸಮಯದಲ್ಲಿ ಆ ಪರಿಸ್ಥಿತಿ ಯಾರಿಗೂ ಬೇಡ. ಡೇಟಾಬೇಸ್‌ನ ಬ್ಯಾಕಪ್ ಬೇರೆ ಕಡೆ ಇಲ್ಲದೆ ಪರ್ಜ್ ಮಾಡಲೇಬೇಡಿ.

ಎಲ್ಲ ಫೈಲಿಗೂ ಒಂದೇ ಮದ್ದಲ್ಲ

ಅಂಗಡಿಯ ಎರಡು ಕಂಪ್ಯೂಟರ್ ನಡುವೆ ಫೋಲ್ಡರ್ ಹಂಚಲು ‘ಸಾಂಬಾ’ ಬಳಸುತ್ತಾರೆ. ಅದರ ಸೆಟ್ಟಿಂಗ್ ಫೈಲ್ ‘ಎಸ್‌ಎಂಬಿ ಡಾಟ್ ಕಾನ್ಫ್’. ಇದನ್ನು ನೋಡಿಕೊಳ್ಳುವುದು ಡಿಪಿಕೆಜಿ ನೇರವಾಗಿ ಅಲ್ಲ, ‘ಯುಸಿಎಫ್’ ಎಂಬ ಇನ್ನೊಂದು ಸಹಾಯಕ. ಆದ್ದರಿಂದ ಇದು ಯಾರದ್ದು ಅಂತ ಕೇಳಿದರೆ ಡಿಪಿಕೆಜಿ ‘ಗೊತ್ತಿಲ್ಲ’ ಅನ್ನುತ್ತದೆ, ಮೇಲಿನ ಮದ್ದೂ ನಾಟುವುದಿಲ್ಲ. ಇದಕ್ಕೆ ಸರಳ ಉಪಾಯ ಇದೆ. ‘ಯುಎಸ್‌ಆರ್’ ಫೋಲ್ಡರ್ ಒಳಗೆ ‘ಶೇರ್’, ಅದರೊಳಗೆ ‘ಸಾಂಬಾ’ ಫೋಲ್ಡರ್. ಅಲ್ಲಿ ಇದೇ ಫೈಲ್‌ನ ಮೂಲ ಪ್ರತಿ ಇರುತ್ತದೆ. ಅದನ್ನು ‘ಇಟಿಸಿ’ ಒಳಗಿನ ‘ಸಾಂಬಾ’ ಫೋಲ್ಡರ್‌ಗೆ ಕಾಪಿ ಮಾಡಿಕೊಂಡು, ನಿಮ್ಮ ಫೋಲ್ಡರ್ ಹಂಚಿಕೆಯನ್ನು ಮತ್ತೆ ಬರೆಯಬೇಕು.

ಇನ್ನು ಬ್ರೌಸರ್ ಅಥವಾ ಲಿಬ್ರೆಆಫೀಸ್ ಸೆಟ್ಟಿಂಗ್ ಹಾಳಾಗಿದ್ದರೆ ಆ ಫೈಲ್‌ಗಳು ನಿಮ್ಮ ಸ್ವಂತ ಹೋಮ್ ಫೋಲ್ಡರ್‌ನಲ್ಲಿ ಅಡಗಿರುತ್ತವೆ. ಫೋಲ್ಡರ್ ತೆರೆದು ಕಂಟ್ರೋಲ್ ಮತ್ತು ಎಚ್ ಒತ್ತಿದರೆ ಡಾಟ್‌ನಿಂದ ಶುರುವಾಗುವ ಹೆಸರುಗಳು ಕಾಣುತ್ತವೆ. ಇವನ್ನು ರೀಇನ್‌ಸ್ಟಾಲ್ ಕೂಡ ಮುಟ್ಟಲ್ಲ, ಪರ್ಜ್ ಕೂಡ ಮುಟ್ಟಲ್ಲ.

ಅಪ್‌ಡೇಟ್ ಮಧ್ಯೆ ಪ್ರಶ್ನೆ ಕೇಳಿದರೆ?

ಅಪ್‌ಡೇಟ್ ನಡೆಯುವಾಗ ಒಮ್ಮೊಮ್ಮೆ ಎಲ್ಲ ನಿಂತು ಇಂಗ್ಲಿಷ್‌ನಲ್ಲಿ ಒಂದು ಪ್ರಶ್ನೆ ಬರುತ್ತದೆ: ಈ ಸೆಟ್ಟಿಂಗ್ ಫೈಲ್ ನೀವು ಬದಲಿಸಿದ್ದೀರಿ, ಹೊಸದೂ ಬಂದಿದೆ, ಏನು ಮಾಡಲಿ? ಮೇಲೆ ಹೇಳಿದ ಮೂರನೇ ನಿಯಮ ಇದೇ. ಗಾಬರಿಯಾಗಿ ಕಂಪ್ಯೂಟರ್ ಆಫ್ ಮಾಡಬೇಡಿ. ಅರ್ಧಕ್ಕೆ ನಿಂತ ಅಪ್‌ಡೇಟ್‌ನಿಂದ ಆಗುವ ತೊಂದರೆಯೇ ದೊಡ್ಡದು.

- ‘ಎನ್’ ಅಥವಾ ಬರೀ ಎಂಟರ್ ಒತ್ತಿದರೆ ನಿಮ್ಮ ಹಳೆಯ ಫೈಲ್ ಉಳಿಯುತ್ತದೆ. ಹೊಸದನ್ನು ‘ಡಿಪಿಕೆಜಿ ಡಿಸ್ಟ್’ ಅನ್ನುವ ಬಾಲ ಸೇರಿಸಿ ಪಕ್ಕದಲ್ಲಿ ಇಡುತ್ತದೆ.
- ‘ವೈ’ ಒತ್ತಿದರೆ ಹೊಸದು ಬರುತ್ತದೆ. ನಿಮ್ಮದನ್ನು ‘ಡಿಪಿಕೆಜಿ ಓಲ್ಡ್’ ಬಾಲ ಸೇರಿಸಿ ಪಕ್ಕದಲ್ಲಿ ಇಡುತ್ತದೆ.
- ‘ಡಿ’ ಒತ್ತಿದರೆ ಎರಡರ ವ್ಯತ್ಯಾಸ ತೋರಿಸುತ್ತದೆ. ಮೈನಸ್ ಇರುವ ಸಾಲು ನಿಮ್ಮದು, ಪ್ಲಸ್ ಇರುವುದು ಹೊಸದು. ನೋಡಿ ಮುಗಿದ ಮೇಲೆ ‘ಕ್ಯೂ’ ಒತ್ತಿದರೆ ಮತ್ತೆ ಪ್ರಶ್ನೆಗೆ ಬರುತ್ತದೆ.

ಗೊತ್ತಾಗದಿದ್ದರೆ ಎಂಟರ್ ಒತ್ತುವುದೇ ಕ್ಷೇಮ. ಇವತ್ತಿನ ವ್ಯಾಪಾರ ನಡೆಯುತ್ತದೆ, ಬಿಡುವಿದ್ದಾಗ ತಿಳಿದವರಿಗೆ ತೋರಿಸಿದರಾಯ್ತು. ಟರ್ಮಿನಲ್ ಬದಲು ಕಿಟಕಿಯಲ್ಲಿ ಪ್ರಶ್ನೆ ಬಂದರೆ ‘ಕೀಪ್’ ಮತ್ತು ‘ರಿಪ್ಲೇಸ್’ ಅಂತ ಇರುತ್ತದೆ. ಕೀಪ್ ಅಂದ್ರೆ ನಿಮ್ಮದು ಉಳಿಯುತ್ತದೆ. ಫೆಡೋರಾ ಬಳಸುವವರಿಗೆ ಪ್ರಶ್ನೆಯೇ ಬರುವುದಿಲ್ಲ. ಅಲ್ಲಿ ಹೊಸದನ್ನು ‘ಆರ್‌ಪಿಎಂ ನ್ಯೂ’ ಎಂದೋ, ನಿಮ್ಮ ಹಳೆಯದನ್ನು ‘ಆರ್‌ಪಿಎಂ ಸೇವ್’ ಎಂದೋ ಬಾಲ ಹಚ್ಚಿ ಪಕ್ಕದಲ್ಲಿ ಇಟ್ಟಿರುತ್ತದೆ.

ತಪ್ಪು ಪ್ಯಾಕೇಜ್ ಮಾಡಿದವರದ್ದೇ ಆಗಿದ್ದರೆ?

ಎಲ್ಲ ಸಲವೂ ಬಳಸುವವರ ತಪ್ಪಿರಲ್ಲ. ಪ್ಯಾಕೇಜ್ ತಯಾರಿಸುವವರೂ ಎಡವುತ್ತಾರೆ. ಅಂಥ ದೋಷಗಳಲ್ಲಿ ಮೂರು ಬಗೆ ಮುಖ್ಯ.

ಮೊದಲನೆಯದು, ನೀವು ಫೈಲ್ ಮುಟ್ಟದೇ ಇದ್ದರೂ ‘ನೀವು ಬದಲಿಸಿದ್ದೀರಿ’ ಅಂತ ಕೇಳುವುದು. ಇನ್‌ಸ್ಟಾಲ್ ವೇಳೆ ಓಡುವ ಸ್ಕ್ರಿಪ್ಟೇ ಆ ಫೈಲನ್ನು ತಿದ್ದಿದ್ದರೆ ಹೀಗಾಗುತ್ತದೆ. ಡಿಪಿಕೆಜಿಗೆ ತಿದ್ದಿದವರು ಯಾರು ಅಂತ ಗೊತ್ತಾಗುವುದಿಲ್ಲ, ಗುರುತು ಬದಲಾಗಿದೆ ಅಷ್ಟೇ. ಡೆಬಿಯನ್ ನಿಯಮದಲ್ಲಿ ಇದು ನಿಷಿದ್ಧ. ಪ್ಯಾಕೇಜ್‌ನ ಸ್ಕ್ರಿಪ್ಟ್ ಇಂಥ ಫೈಲನ್ನು ತಿದ್ದಲೇಬೇಕು ಅಂತಿದ್ದರೆ ಅದನ್ನು ಡಿಪಿಕೆಜಿ ಲೆಕ್ಕದಿಂದ ಹೊರಗಿಟ್ಟು ಯುಸಿಎಫ್ ಥರದ ಸಹಾಯಕನಿಗೆ ಒಪ್ಪಿಸಬೇಕು.

ಎರಡನೆಯದು, ಹೊಸ ವರ್ಷನ್‌ನಲ್ಲಿ ಸೆಟ್ಟಿಂಗ್ ಫೈಲ್‌ನ ಹೆಸರು ಬದಲಿಸಿ, ಹಳೆಯದನ್ನು ಹಾಗೇ ಬಿಡುವುದು. ನಿಮ್ಮ ಸೆಟ್ಟಿಂಗ್ ಹಳೇ ಹೆಸರಿನ ಫೈಲ್‌ನಲ್ಲೇ ಉಳಿದು, ಸಾಫ್ಟ್‌ವೇರ್ ಹೊಸ ಖಾಲಿ ಫೈಲ್ ಓದಲು ಶುರು ಮಾಡುತ್ತದೆ. ಇದನ್ನು ತಡೆಯಲು ಡಿಪಿಕೆಜಿ ಜೊತೆಗೇ ‘ಮೇಂಟ್‌ಸ್ಕ್ರಿಪ್ಟ್ ಹೆಲ್ಪರ್’ ಎಂಬ ಸಾಧನ ಇದೆ. ಹಳೇ ಹೆಸರು, ಹೊಸ ಹೆಸರು, ಯಾವ ವರ್ಷನ್‌ವರೆಗೆ ಹಳೆಯದಿತ್ತು ಅಂತ ಒಂದು ಸಾಲು ಬರೆದರೆ, ನೀವು ತಿದ್ದಿದ್ದನ್ನು ಹೊಸ ಹೆಸರಿಗೆ ಅದೇ ಸಾಗಿಸುತ್ತದೆ. ಎಷ್ಟೋ ಬಾರಿ ದೋಷ ಸರಿಪಡಿಸುವುದು ಅಂದ್ರೆ ಬಿಟ್ಟುಹೋದ ಆ ಒಂದು ಸಾಲನ್ನು ಸೇರಿಸುವುದು.

ಮೂರನೆಯದು, ತಿದ್ದಬೇಕಾದ ಫೈಲನ್ನು ‘ಇಟಿಸಿ’ ಬಿಟ್ಟು ಬೇರೆ ಕಡೆ ಇಡುವುದು. ಬೇರೆ ಫೋಲ್ಡರ್‌ನ ಫೈಲ್‌ಗಳನ್ನು ಅಪ್‌ಡೇಟ್ ಕೇಳದೆ ಅಳಿಸಿ ಹೊಸದು ಬರೆಯುತ್ತದೆ. ‘ಪ್ರತಿ ಅಪ್‌ಡೇಟ್ ಆದಾಗಲೂ ನನ್ನ ಸೆಟ್ಟಿಂಗ್ ಹೋಗುತ್ತೆ’ ಅನ್ನುವ ದೂರಿಗೆ ಇದೂ ಒಂದು ಕಾರಣ ಇರಬಹುದು.

ಇಂಥದ್ದು ಕಂಡರೆ ದೂರು ಕೊಡಬಹುದು, ಶುಲ್ಕ ಇಲ್ಲ. ಡೆಬಿಯನ್‌ನಲ್ಲಿ ‘ರಿಪೋರ್ಟ್‌ಬಗ್’, ಉಬುಂಟುವಿನಲ್ಲಿ ‘ಉಬುಂಟು ಬಗ್’ ಎಂಬ ಕಮಾಂಡ್ ಇದೆ. ಯಾವ ವರ್ಷನ್, ಯಾವ ಫೈಲ್, ಏನು ಮಾಡಿದಾಗ ಏನಾಯ್ತು ಅಂತ ಬರೆದರೆ ಸಾಕು. ಡೆಬಿಯನ್‌ನಲ್ಲಿ ಪ್ರತಿ ದೂರಿಗೂ ನಂಬರ್ ಸಿಗುತ್ತದೆ. ಸರಿಪಡಿಸಿದಾಗ ಹೊಸ ವರ್ಷನ್‌ನ ಬದಲಾವಣೆ ಪಟ್ಟಿಯಲ್ಲಿ ಆ ನಂಬರ್ ಬರೆದು ದೂರು ಮುಗಿಸುತ್ತಾರೆ. ಯಾರು ಬೇಕಾದರೂ ಅದನ್ನು ನೋಡಬಹುದು.

ಅಂಗಡಿಯವರು ನೆನಪಿಡಬೇಕಾದ್ದು

- ಸೆಟ್ಟಿಂಗ್ ಫೈಲ್ ಅಳಿಸಬೇಡಿ, ಹೆಸರು ಬದಲಿಸಿ. ಕೊನೆಗೆ ‘ಓಲ್ಡ್’ ಅಂತ ಸೇರಿಸಿದರೆ ಸಾಕು. ಕೆಲಸ ಕೆಟ್ಟರೆ ಹಳೇ ಹೆಸರು ಕೊಟ್ಟರಾಯ್ತು.
- ತಿಂಗಳಿಗೊಮ್ಮೆ ‘ಇಟಿಸಿ’ ಫೋಲ್ಡರ್‌ನ ಪ್ರತಿ ಪೆನ್‌ಡ್ರೈವ್‌ಗೆ ತೆಗೆದಿಡಿ. ಅದರಲ್ಲಿ ಪಾಸ್‌ವರ್ಡ್‌ಗೆ ಸಂಬಂಧಿಸಿದ ಫೈಲ್‌ಗಳೂ ಇರುವುದರಿಂದ ಪೆನ್‌ಡ್ರೈವ್ ಗ್ರಾಹಕರ ಕೈಗೆ ಸಿಗದಂತೆ ಇಡಿ.
- ಅರ್ಜಿ ಕೊನೇ ದಿನ, ಸಂತೆ ದಿನ ಅಪ್‌ಡೇಟ್ ಹಾಕಬೇಡಿ. ಅಂಗಡಿ ಬಾಗಿಲು ಹಾಕುವ ಮುಂಚೆ ಒಂದು ಗಂಟೆ ಬಿಡುವು ಮಾಡಿಕೊಂಡು ಮಾಡಿ.
- ರಿಪೇರಿಯವರು ‘ಫಾರ್ಮ್ಯಾಟ್ ಮಾಡ್ಬೇಕು’ ಅಂದ್ರೆ, ಕಾಣೆಯಾದ ಫೈಲ್ ಇದೆಯಾ ಅಂತ ಡಿಪಿಕೆಜಿ ದೊಡ್ಡಕ್ಷರದ ವಿ ಕೊಟ್ಟು ನೋಡಿದ್ರಾ ಅಂತ ಮೊದಲು ಕೇಳಿ. ನೋಡಿಲ್ಲ ಅಂದ್ರೆ ನೋಡಿಸಿ, ಆಮೇಲೆ ತೀರ್ಮಾನ ಮಾಡಿ.